ಆಲದ ಮರಕ್ಕೆ ಕಟ್ಟಿದ ಮಾಸು

ನಮ್ಮ ಆಕಳು ಎಂಟು ತಿಂಗಳಿಗೇ ಕಂದು ಹಾಕಿತು. ಕರು ಸತ್ತೇ ಬಿದ್ದಿತ್ತು. ಅದರ ಹಿಂದೆ ಬಿದ್ದ ಮಾಸನ್ನು ನಾನೇ ಬರಿಗೈಯಲ್ಲಿ ಬಳಿದು ಗೋಣಿಚೀಲಕ್ಕೆ ತುಂಬಿದೆ. ನಮ್ಮ ಯಜಮಾನ ತಿಪ್ಪೇರುದ್ರಪ್ಪ ಅದನ್ನು ಕಾಲುವೆ ದಂಡೆಯ ಆಲದ ಮರಕ್ಕೆ ಕಟ್ಟಿ ಬಂದ. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಆಕಳ ಕೆಚ್ಚಲು ಬತ್ತುವುದಿಲ್ಲ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು.

ನಾಲ್ಕನೇ ದಿನ ಆಕಳ ರಕ್ತ ಒಯ್ದಿದ್ದ ದನದ ಡಾಕ್ಟರ್ ರಶ್ಮಿ ಸಿರುಗುಪ್ಪದಿಂದ ಪರೀಕ್ಷೆಯ ಚೀಟಿ ಹಿಡಿದು ನಮ್ಮೂರು ರಾರಾವಿಗೆ ಬಂದರು.

"ಇದು ಕಂದುರೋಗ. ಮಂದಿಗೂ ಅಂಟ್ತೈತಿ. ಬಸುರಿ ಹೆಣ್ಮಕ್ಕಳು ಮಾಸು ಮುಟ್ಟಿದ್ರ ಹೊಟ್ಟ್ಯಾಗಿನ ಕೂಸಿಗೂ ಅಪಾಯ. ಅಕ್ಕಪಕ್ಕದ ಮನಿಗೆ ನೀವ ಹೇಳ್ಬೇಕು. ಮಾಸು ಎಲ್ಲಿ ಹಾಕೀರಿ?"

"ಸುಣ್ಣ ಹಾಕಿ ಹೂತೀವ್ರೀ," ಎಂದುಬಿಟ್ಟ ಈ ಮಹಾನುಭಾವ!

ಡಾಕ್ಟರು ಆಚೆ ಓಣಿಯ ದನ ನೋಡಲು ಹೋದದ್ದೇ ತಡ, ಯಜಮಾನನ ಮೇಲೆ ಹರಿಹಾಯ್ದೆ.

"ನಿಮ್ಮ ಬಾಯಿಗೆ ಬೆಂಕಿ ಹಾಕ! ಆ ಮರದ ಕೆಳಗ ದಿನಾ ಎಮ್ಮಿ ಕಟ್ಟಾಕಿ ಯಾರು?"

"ಸುಮ್ಕಿರಲೇ. ಊರಾಗ ಗೊತ್ತಾದ್ರ ನಮ್ಮ ಹಾಲು ಯಾರೂ ಮುಟ್ಟಂಗಿಲ್ಲ. ಸಂಜಿಗೆ ಹೋಗಿ ಹೂತು ಬರ್ತೀನಿ."

ಎಮ್ಮೆ ಕಟ್ಟುವವಳು ಶಬಾನಾ. ಪಕ್ಕದ ಮನೆಯ ಮಾಸುಮಾಬಿಯ ಮಗಳು, ಐದು ತಿಂಗಳ ಬಸುರಿ. ಎರಡು ಸಲ ಬಸಿರು ಇಳಿದು, ಮೂರನೆಯದು ನಿಂತಿತೆಂದು ತವರಿಗೆ ಬಂದಿದ್ದಳು. ನಾನು ಚಪ್ಪಲಿ ಸಹ ಮೆಟ್ಟದೆ ಓಡಿದೆ. ದೇವರೇ, ಇವತ್ತೊಂದಿನ ಅವಳು ಅಲ್ಲಿರಬಾರದು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಅವಳು ಮರದ ಕೆಳಗೇ ಕೂತಿದ್ದಳು. ಚೀಲ ಕೊಂಬೆಯ ಮೇಲಿತ್ತು.

"ಏಳವ್ವ, ಏಳು! ಈ ಕಡೆ ಬಾ!"

"ಯಾಕ ದೊಡ್ಡವ್ವ, ದೆವ್ವ ಕಂಡಂಗ ಮಾಡ್ತಿ?" ಎಂದು ನಕ್ಕಳು. "ನಿನ್ನೆ ನಿಮ್ಮ ಚೀಲ ಹರಿದು ಬಿದ್ದಿತ್ತು. ನಾಯಿ ಎಳದಾಡಾಕ ಹತ್ತಿದ್ವು. ನಾನ ಎಲ್ಲಾ ಬಳದು ಬ್ಯಾರೆ ಚೀಲಕ್ಕ ಹಾಕಿ ಕಟ್ಟೀನಿ. ನಿಮ್ಮ ಆಕಳು ಹಾಲು ಬತ್ತಬಾರದಲ್ಲ?"

ಹಿಂದೆಯೇ ಏದುಸಿರು ಬಿಡುತ್ತ ಬಂದ ಯಜಮಾನ, ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವನ ಜೇಬಿಗೇ ಕೈಹಾಕಿ ಫೋನು ಕಿತ್ತುಕೊಂಡು ಡಾಕ್ಟರಿಗೆ ಹಚ್ಚಿದೆ.

"ಮೇಡಂ, ಹೂತಿಲ್ರೀ. ಸುಳ್ಳು ಹೇಳಿದ್ವಿ. ಆ ರೋಗದ ಮಾಸು ಬಸುರಿ ಹುಡುಗಿ ಬರಿಗೈಲೆ ಮುಟ್ಯಾಳ. ಲಗೂನ ಬರ್ರಿ."

ಶಬಾನಾ ಎಲ್ಲ ಕೇಳಿಸಿಕೊಂಡಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸೋಪು ಹಚ್ಚಿ ಕೈ ತೊಳಕೊಂಡೀನಿ ದೊಡ್ಡವ್ವ," ಎಂದಳು. "ಎರಡ್ ಸಲ ತೊಳಕೊಂಡೀನಿ. ಸಾಕಲ್ಲ?"