ತಾನಾಗಿ ಬಂದ ಮೀನು

ಸುರೇಖಾ ಹತ್ತು ಜನರ ಎದುರು ಬಾಯಿ ತೆರೆದದ್ದು ಜನ್ಮದಲ್ಲಿ ಒಂದೇ ಸಲ. ಆಡಿದ್ದೂ ಒಂದೇ ಮಾತು. ಅದಕ್ಕೆ ಊರು ಚಪ್ಪಾಳೆ ತಟ್ಟಿತ್ತು.

ಕುಳಗೇರಿ ಕ್ರಾಸಿನಿಂದ ಒಳಕ್ಕಿರುವ ಆ ಊರಿನ ಕೆರೆಯನ್ನೇ ನಂಬಿ ಬದುಕಿದ್ದವು ಅಂಬಿಗರ ನಾಲ್ಕು ಮನೆ. ಅವಳ ಅಪ್ಪ ಅಮಾತೆಪ್ಪ ಹಿಡಿದ ಮೀನನ್ನು ಅಪ್ಪನ ತಾಯಿ, ಆಯಿ ನೀಲಾಬಾಯಿ, ಬುಟ್ಟಿಯಲ್ಲಿ ಹೊತ್ತೊಯ್ದು ಕ್ರಾಸಿನಲ್ಲಿ ಮಾರುತ್ತಿದ್ದಳು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಸುರೇಖಾ ಹರಿದ ಬಲೆ ಹೆಣೆಯುತ್ತ ಕೂಡುತ್ತಿದ್ದಳು. ಬಲೆಯ ಕೂಡ ಮಾತಾಡಬೇಕಾಗಿರಲಿಲ್ಲ.

ಪಂಚಾಯಿತಿಯವರು ಕೆರೆಯನ್ನು ಲಿಲಾವು ಹಾಕಿದಾಗ ಬಾಗಲಕೋಟೆಯ ದೀಪಕ ಅದನ್ನು ಐದು ವರ್ಷದ ಗುತ್ತಿಗೆಗೆ ಹಿಡಿದ. ಕಾಟ್ಲಾ, ರೋಹು ಮೀನಿನ ಮರಿ ತಂದು ಬಿಟ್ಟ. ಅದರ ಬೆನ್ನಿಗೇ ಅವನ ಕಾವಲಿನವರು ಏರಿಯ ಮೇಲೆ ಕೋಲು ಹಿಡಿದು ನಿಂತರು. ಅಮಾತೆಪ್ಪನ ಬಲೆ ಕಸಿದರು. ಮಾತು ಗ್ರಾಮಸಭೆಗೆ ಬಂತು.

"ಕೆರಿ ನಾ ಹಿಡದೇನ್ರಿ. ಅಂದಮ್ಯಾಲ ಒಳಗಿನ ಮೀನೂ ನನ್ನವ," ಎಂದ ದೀಪಕ.

ನೀಲಾಬಾಯಿ ಸೆರಗು ಬಿಗಿದು ಎದ್ದಳು. "ನೀ ಹುಟ್ಟೂಕಿಂತ ಮೊದಲ ಅದಾವಲ್ಲೋ ಅವು! ಅವುಕ್ಕ ನೀ ಹೆಸರಿಟ್ಟೀಯೇನು, ತೊಟ್ಟಿಲಾ ಕಟ್ಟೀಯೇನು?"

"ಯಾವದು ಯಾರದಂತ ಹ್ಯಾಂಗ ತಿಳೀಬೇಕು ಆಯಿ? ಮೀನಿನ ಹಣಿ ಮ್ಯಾಲ ಬರದಿರತೈತೇನು?" ದೀಪಕ ಕೇಳಿದ.

ಸಭೆ ಗೊಳ್ಳನೆ ನಕ್ಕಿತು. ಅಪ್ಪ ತಲೆ ತಗ್ಗಿಸಿದ್ದು ಕಂಡು ಸುರೇಖಾಳಿಗೆ ಏನಾಯಿತೋ, ಹಿಂದಿನ ಸಾಲಿನಲ್ಲಿ ಕುಂತಲ್ಲೇ ಅಂದುಬಿಟ್ಟಳು: "ನೀವು ಬಿಟ್ಟಿದ್ದು ನಿಮ್ದರಿ. ತಾನ ಬಂದಿದ್ದು ನಮ್ದು."

ನಕ್ಕವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ಚಪ್ಪಾಳೆ. ಎಲ್ಲರಿಗಿಂತ ಮೊದಲು ಒಪ್ಪಿದವನು ದೀಪಕನೇ. "ತಂಗಿ ಹೇಳಿದ್ದು ನ್ಯಾಯ ಐತಿ. ಹಂಗ ಠರಾವ ಬರೀರಿ," ಎಂದ.

ಅಂದು ಆಯಿ ಮೊಮ್ಮಗಳ ದೃಷ್ಟಿ ತೆಗೆದಳು. ಅಮಾತೆಪ್ಪ ಮಾತಿಗೆ ತಪ್ಪುವ ಮನುಷ್ಯನಲ್ಲ. ಬಲೆಗೆ ಬಿದ್ದ ಕಾಟ್ಲಾವನ್ನು ಬೆರಳು ತಾಗಿಯೂ ತಾಗದ ಹಾಗೆ ಬಿಡಿಸಿ ನೀರಿಗೆ ಬಿಡುತ್ತಿದ್ದ. "ಮಂದಿ ಕೂಸು ಎತ್ತಿ ಆಡಿಸಿ ಕೊಟ್ಟು ಬರ್ತಾನ ನನ್ನ ಮಗ," ಎಂದು ನೀಲಾಬಾಯಿ ಚೇಷ್ಟೆ ಮಾಡುತ್ತಿದ್ದಳು. ಮನೆಗೆ ಬರುತ್ತಿದ್ದುದು ಯಾರೂ ತಂದು ಬಿಡದೆ ಕೆರೆಯಲ್ಲಿ ತಾನೇ ಬೆಳೆದ, ಹಾವಿನಂಥ ತಲೆಯ ಕರಿಮೀನು. ಕ್ರಾಸಿನಲ್ಲಿ ಜನ ಕೇಳಿ ಕೇಳಿ ಒಯ್ಯುತ್ತಿದ್ದುದು ಅದನ್ನೇ. ಆದರೆ ಕರಿಮೀನು ಮರಿ ಹಾಕಿ, ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ತೇಲುವಾಗ ಅಮಾತೆಪ್ಪ ಅತ್ತ ಬಲೆ ಬೀಸುತ್ತಿರಲಿಲ್ಲ. ಆ ಗುಂಪಿನ ಕೆಳಗೆ ತಾಯಿ ಇರುತ್ತದೆ, ತಂದೆ ಇರುತ್ತದೆ. "ಮಕ್ಕಳ ಕಾಯಾಕತ್ತಾವ. ಈಗ ಹಿಡದ್ರ ನಮಗ ದಕ್ಕಂಗಿಲ್ಲ," ಎನ್ನುತ್ತಿದ್ದ. ಅವನ ಅಪ್ಪನೂ ಹಾಗೇ ಅಂದವನು.

ಬೇಸಿಗೆಗೆ ಕೆರೆ ತಗ್ಗಿತು. ದೀಪಕ ದೊಡ್ಡ ಬಲೆ ಎಳೆಸಿ, ತನ್ನ ಮೀನನ್ನೆಲ್ಲ ಬಾಚಿ ಲಾರಿಗೆ ತುಂಬಿಸಿದ. ಬಲೆಗೆ ಬಂದ ಕರಿಮೀನುಗಳನ್ನು ಅಮಾತೆಪ್ಪನ ಕಣ್ಣೆದುರೇ ನೀರಿಗೆ ಬಿಡಿಸಿದ. ಒಂದನ್ನೂ ಮುಟ್ಟಲಿಲ್ಲ.

"ಮನಶ್ಯಾ ಖರೆ ಅದಾನ," ಎಂದ ಅಮಾತೆಪ್ಪ ಉಣ್ಣುವಾಗ.

ವಾರ ಕಳೆದ ಮೇಲೆ ದೀಪಕ ಮನೆ ಬಾಗಿಲಿಗೇ ಬಂದ. "ಕಾಕಾ, ಹಿಂಡಿ ತರಿಸೇನಿ. ನಿಮ್ಮಷ್ಟು ಕೆರಿ ಬಲ್ಲವ್ರು ಯಾರೂ ಇಲ್ಲ. ಹರಗೋಲಿನ್ಯಾಗ ಹೋಗಿ ಚೆಲ್ಲಿಕೊಡ್ರಿ, ಪಗಾರ ಕೊಡ್ತೇನಿ."

ಹಿಂಡಿ ಎಂದರೆ ಆ ಊರಿನಲ್ಲಿ ಶೇಂಗಾ ಹಿಂಡಿ, ಕುಸುಬಿ ಹಿಂಡಿ. ಹೈನದ ಎಮ್ಮೆಗೆ ಇಡುವಂಥದ್ದು. "ಮೀನಿಗೂ ಎಮ್ಮಿ ಮೇವು ಬಂತು! ಇನ್ನ ಹಾಲ ಹಿಂಡೂದೊಂದ ಬಾಕಿ," ಎಂದು ನೀಲಾಬಾಯಿ ನಕ್ಕಳು. ಅಮಾತೆಪ್ಪನೂ ನಕ್ಕ. "ನಮ್ಮವೂ ಎರಡು ತುತ್ತು ತಿಂತಾವ ಬಿಡಬೇ."

ಸುರೇಖಾಳ ಗಂಟಲಿನಲ್ಲಿ ಒಂದು ಪ್ರಶ್ನೆ ಎದ್ದಿತ್ತು. ತನ್ನ ಮೀನೆಲ್ಲ ಒಯ್ದ ಮೇಲೆ ಈತ ಯಾರಿಗೆ ಮೇವು ಹಾಕುತ್ತಾನೆ? ಬಾಗಿಲ ಹಿಂದೆ ನಿಂತವಳು ತುಟಿಯ ತನಕ ತಂದಳು. ಪರ ಗಂಡಸು, ಅದೂ ಅಂಗಳದಲ್ಲಿ ನಿಂತವನು. ಎಂದಿನಂತೆ ನುಂಗಿಕೊಂಡಳು.

ಅಮಾತೆಪ್ಪ ಕೆರೆಯ ಮೂಲೆ ಮೂಲೆಗೂ ಹುಟ್ಟು ಹಾಕಿದ. ಕರಿಮೀನು ಎಲ್ಲಿ ಮಲಗುತ್ತವೆ, ಯಾವ ಜೊಂಡಿನಲ್ಲಿ ಮರಿ ಇಡುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಅಲ್ಲಿ ಇನ್ನೊಂದು ಬೊಗಸೆ ಹೆಚ್ಚಿಗೇ ಹಾಕಿದ, ತಿನ್ನಲಿ ಎಂದು.

ಅದು ಇಪ್ಪೆ ಬೀಜದ ಹಿಂಡಿ. ಮೀನಿಗೆ ವಿಷ.

ಮರುದಿನ ಬೆಳಕು ಹರಿದಾಗ ಕೆರೆಯ ಮೇಲೆ ಬಿಳಿ ಹೊಟ್ಟೆಗಳು. ಜೊಂಡಿನ ಹತ್ತಿರ ಕೆಂಪು ಮರಿಗಳ ಗುಂಪು ಚದರದೆ ಅಲ್ಲೇ ಇತ್ತು, ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ಎರಡು ದೊಡ್ಡವು ಅಂಗಾತ ಬಿದ್ದಿದ್ದವು. ಅಮಾತೆಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟ. ತನ್ನ ಅಂಗೈ ಮೂಸಿ ನೋಡಿಕೊಂಡ.

ದೀಪಕ ಏರಿಯ ಮೇಲಿದ್ದ. ದನಿ ಏರಿಸಲಿಲ್ಲ. "ಇವು ನನ್ನ ಮರಿ ತಿಂತಾವ ಕಾಕಾ. ಹೊಸಾವು ಬಿಡೂಕಿಂತ ಮೊದಲ ಕೆರಿ ಹಸನ ಮಾಡಬೇಕು. ಎಲ್ಲಾ ಕಡೆ ಹಿಂಗ ಮಾಡ್ತಾರ. ನಾ ಒಂದೂ ಒಯ್ಯಂಗಿಲ್ಲ. ತಾನ ಬಂದಿದ್ದು ನಿಮ್ದಲ್ಲಾ? ತುಂಬ್ಕೊಂಡ ಹೋಗ್ರಿ. ಮಂದಿ ತಿಂದ್ರ ಏನೂ ಆಗಂಗಿಲ್ಲ."

ನಾಲ್ಕೂ ಮನೆಯವರು ತುಂಬಿಕೊಂಡರು. ಬಿಟ್ಟರೆ ಕೊಳೆಯುತ್ತದೆ. ನೀಲಾಬಾಯಿಯ ಬುಟ್ಟಿ ಅಷ್ಟು ಜಲ್ದಿ ಎಂದೂ ಖಾಲಿಯಾಗಿರಲಿಲ್ಲ. "ನಾಳೆನೂ ತಾ ಆಯಿ, ಭಾಳ ಛಲೋ ಅದಾವ," ಎಂದರಂತೆ ಕ್ರಾಸಿನಲ್ಲಿ. ಮನೆಗೆ ಬಂದವಳು ಬುಟ್ಟಿಯನ್ನು ಮೂಲೆಗೆ ಬೋರಲು ಹಾಕಿದಳು.

ಅಮಾತೆಪ್ಪ ಪಂಚಾಯಿತಿಗೆ ಹೋದರೆ ಸೆಕ್ರೆಟರಿ ಠರಾವು ಓದಿ ಹೇಳಿದ. "ನಿಮ್ಮ ಹಕ್ಕ ಹಂಗ ಐತಲ್ಲಪಾ. ಯಾರ ಇಲ್ಲಂದ್ರು? ತಾನ ಬಂದ ಮೀನ ಹಿಡೀರಿ."

ಮಳೆ ಬಂದರೆ ಹಳ್ಳದ ನೀರಿನ ಜೊತೆ ಮತ್ತೆ ಬಂದಾವು ಎಂಬ ಆಸೆಯೊಂದಿತ್ತು. ಮಳೆಗೆ ಮೊದಲೇ ದೀಪಕ ಹಳ್ಳ ಕೆರೆಗೆ ಸೇರುವಲ್ಲಿ ನೀರಷ್ಟೇ ದಾಟುವಂಥ ಕಬ್ಬಿಣದ ಜಾಳಿಗೆ ಕೂಡಿಸಿದ. ಆಮೇಲೆ ಹೊಸ ಮರಿ ಬಿಟ್ಟ.

ಅಮಾತೆಪ್ಪ ಈಗಲೂ ನಸುಕಿಗೆ ಎದ್ದು ಹೋಗುತ್ತಾನೆ. ಬಲೆ ಬೀಸುತ್ತಾನೆ, ಎಳೆಯುತ್ತಾನೆ, ಒಂದೊಂದನ್ನೇ ಬಿಡಿಸಿ ನೀರಿಗೆ ಬಿಡುತ್ತಾನೆ. ಕಾವಲಿನವರು ಈಗ ತಡೆಯುವುದಿಲ್ಲ. ಬೀಡಿ ಸೇದುತ್ತ ನೋಡುತ್ತ ಕೂಡುತ್ತಾರೆ.

"ಏನರೆ ಬಿದ್ದೂ?" ಎಂದು, ಅವನು ಅಂಗಳಕ್ಕೆ ಬಂದೊಡನೆ, ಒಳಗಿನಿಂದ ನೀಲಾಬಾಯಿ ಕೇಳುತ್ತಾಳೆ.

"ಅವನವು."

ಸುರೇಖಾ ಹಸಿ ಬಲೆ ತೆಗೆದುಕೊಂಡು ಗೂಟಕ್ಕೆ ಹರವುತ್ತಾಳೆ. ಬಲೆ ಎಲ್ಲಿಯೂ ಹರಿದಿರುವುದಿಲ್ಲ. ಆದರೂ ಹುಡುಕುತ್ತಾಳೆ.