ದಿಂಡಕ್ಕನ ಕೈತುತ್ತು

ಕೋಟು ಹೊಲಿಯುವುದರಲ್ಲಿ ಆ ಬೀದಿಯ ದರ್ಜಿಯನ್ನು ಮೀರಿಸುವವರಿರಲಿಲ್ಲ. ಮಾತು ಹೊಲಿಯುವುದರಲ್ಲಂತೂ ಇಡೀ ಊರಿನಲ್ಲೇ ಇರಲಿಲ್ಲ. ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತರೆಂದರೆ ಮುಗಿಯಿತು, ಟೇಪು ಸೊಂಟದಿಂದ ಹೆಗಲಿಗೆ ಏರುವಷ್ಟರಲ್ಲಿ ಒಂದು ಕಥೆ ಮುಗಿದು ಇನ್ನೊಂದು ಶುರುವಾಗಿರುತ್ತಿತ್ತು. ಅಂಥ ಮನುಷ್ಯ ಎರಡು ದಿನದಿಂದ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಓಡಾಡುತ್ತಿದ್ದ. ಸೂಜಿ ಬೇಕಿಲ್ಲದ ಕೆಲಸ ಮಾಡುವಾಗಲೂ.

ಕಾರಣ ಕತ್ತರಿಸುವ ಮೇಜಿನ ಕೆಳಗೆ ಮಲಗಿತ್ತು. ಹೆಸರು ಬಾಬಿನ್. ಏಳು ವರ್ಷದ ಕಂದು ನಾಯಿ. ಮರಿಯಾಗಿದ್ದಾಗ ಹೊಲಿಗೆಯಂತ್ರದ ಬಾಬಿನ್ನಿನ ಹಾಗೆ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತೆಂದು ಅಕ್ಕ ಇಟ್ಟ ಹೆಸರು. ಈಗ ಸುತ್ತುವ ಮಾತೇ ಇಲ್ಲ. ಹೊಟ್ಟೆಯ ಕೂದಲನ್ನೆಲ್ಲ ಬೋಳಿಸಿ, ಉದ್ದಕ್ಕೂ ಹದಿನಾಲ್ಕು ಹೊಲಿಗೆ. ಅದನ್ನು ನೆಕ್ಕದಿರಲಿ ಎಂದು ಕತ್ತಿಗೆ ಆಲಿಕೆಯಂಥ ದೊಡ್ಡ ಪ್ಲಾಸ್ಟಿಕ್ ಕಾಲರು. ಕರುಳಿನಲ್ಲಿ ಏನೋ ಸಿಕ್ಕಿಹಾಕಿಕೊಂಡು, ಹೊಟ್ಟೆ ತೆರೆದು ತೆಗೆಯಬೇಕಾಗಿ ಬಂದಿತ್ತು.

ಆ ‘ಏನೋ’ ಏನು ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಮುಸುಕಿನ ಜೋಳದ ದಿಂಡು. ನಾಯಿಗೆ ಕೊಟ್ಟವಳು ಅಕ್ಕ.

ಅಕ್ಕ ಎಂದರೆ ದರ್ಜಿಯ ಸ್ವಂತ ಅಕ್ಕ. ಒಳಕೋಣೆಯ ಕಿಟಕಿ ಪಕ್ಕ ಕೂತು ಕಾಜಾ, ಗುಂಡಿ, ಅಂಚು ಮಡಿಸಿ ಹೊಲಿಯುವುದು, ಎಲ್ಲ ಕೈಗೆಲಸ ಅವಳದೇ. ಬಾಬಿನ್ ವಾಂತಿ ಮಾಡಿಕೊಳ್ಳಲು ಶುರುಮಾಡಿದ ದಿನ ಅವಳೇ ಎದೆ ಹಿಡಿದುಕೊಂಡು ಹೇಳಿದ್ದಳು, “ಅಯ್ಯೋ ತಮ್ಮಾ, ಮೊನ್ನೆ ಜೋಳ ತಿಂದು ದಿಂಡನ್ನ ಅದರ ಮುಂದೆ ಹಾಕಿಬಿಟ್ಟೆ ಕಣೋ. ಅದೇ ಇರಬೇಕು!”

“ಇರಬೇಕು ಅಂತ ಏನು, ಅದೇ!” ಎಂದು ದರ್ಜಿ ಗುಡುಗಿದ್ದ. ನಾಯಿಯನ್ನು ಎತ್ತಿಕೊಂಡು ಓಡುತ್ತಿದ್ದವನು ಬೇಕರಿಯ ಮುಂದೆ ಗಾಡಿಗೆ ಕಾಯುತ್ತ, ಅಳು ಬಾರದಿರಲಿ ಎಂದೋ ಏನೋ, ನಾಲಿಗೆ ಹರಿಯಬಿಟ್ಟ. “ನಮ್ಮಕ್ಕ ನೋಡಿ, ಜೋಳ ತಾನು ತಿಂದು ದಿಂಡು ನಾಯಿಗೆ ದಾನ ಮಾಡಿದಾಳೆ. ಕರ್ಣನ ಅಕ್ಕ!” ಬೇಕರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯೊಳಗೆ ಆ ಮಾತು ಬೀದಿ ಸುತ್ತಿ ಬಂದು ಒಂದು ಅಡ್ಡಹೆಸರಾಗಿತ್ತು. ದಿಂಡಕ್ಕ.

ಆಪರೇಷನ್ ಮುಗಿದ ಮೇಲೆ ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದರು. ಅಕ್ಕ ಮನೆಯಲ್ಲಿದ್ದಳು, ನಾಯಿಗೆ ಹಳೆಯ ಹೊದಿಕೆ ಒಗೆದು ಒಣಹಾಕುತ್ತ. ಡಾಕ್ಟರಮ್ಮ ಮುಚ್ಚಳದ ಡಬ್ಬಿಯೊಂದನ್ನು ಮುಂದೆ ಸರಿಸಿ, “ತಗೊಳ್ಳಿ, ಇದು ನಿಮ್ಮ ನಾಯಿಯ ಊಟ” ಎಂದರು. “ದಿಂಡೂ ಅಲ್ಲ, ಗಿಂಡೂ ಅಲ್ಲ. ಏನೋ ಸ್ಪಂಜು, ಬಟ್ಟೆ. ಏನಿದು, ನಿಮಗೇನಾದ್ರೂ ಗೊತ್ತಾಗುತ್ತಾ?”

ಗೊತ್ತಾಗದೇ ಇರುತ್ತದೆಯೇ! ಕೋಟಿನ ಹೆಗಲಿಗೆ ಇಡುವ ಪ್ಯಾಡು. ಹೊಟ್ಟೆಯೊಳಗೆ ಹಿಂಡಿ ಹಿಪ್ಪೆಯಾಗಿದ್ದರೂ ನೀಲಿ ದಾರದ ಅಡ್ಡಹೊಲಿಗೆ ಹಾಗೇ ಇತ್ತು. ಆ ಹೊಲಿಗೆ ಊರಿನಲ್ಲಿ ಇನ್ಯಾರೂ ಹಾಕುವುದಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಹಳೆಯ ಪ್ಯಾಡನ್ನು ಮೇಲಕ್ಕೆಸೆದು “ಹಿಡಿ, ಬಾಬಿನ್!” ಎನ್ನುತ್ತಿದ್ದವನು ಅವನೇ. ನಾಯಿ ಹಾರಿ ಹಿಡಿದಾಗ ನೋಡಿದವರಿಂದ ಭೇಷ್ ಎನಿಸಿಕೊಳ್ಳುತ್ತಿದ್ದವನೂ ಅವನೇ. ಹೋದ ವಾರ ಒಂದು ಪ್ಯಾಡು ಕಾಣದಾದಾಗ, ಎಲ್ಲಿ ಹೋಯಿತೆಂದು ಬಗ್ಗಿ ಕೂಡ ನೋಡದೆ, ಇನ್ನೊಂದು ಕತ್ತರಿಸಿಕೊಂಡಿದ್ದ.

“ಗೊತ್ತಾಗ್ತಿಲ್ಲ ಡಾಕ್ಟ್ರೇ” ಎಂದು ಡಬ್ಬಿಯನ್ನು ಜೇಬಿಗಿಳಿಸಿದ. ಮನೆಗೆ ಬಂದವನು ಅದನ್ನು ಸೀಮೆಸುಣ್ಣದ ಡ್ರಾಯರಿನ ಹಿಂಭಾಗಕ್ಕೆ ತಳ್ಳಿದ. ಈಗಲೇ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಕೇಳಿದಳು, “ದಿಂಡು ಪೂರ್ತಿ ಬಂತಂತೇನೋ? ಚೂರೇನೂ ಉಳಿದಿಲ್ಲ ತಾನೆ?”

“ಪೂರ್ತಿ ಬಂತು” ಎಂದ. ಆಮೇಲೆ ಗುಂಡುಸೂಜಿ ಬಾಯಿಗಿಟ್ಟುಕೊಂಡ.

ಮನೆಯ ಆರೈಕೆಗೆ ಡಾಕ್ಟರಮ್ಮ ಒಂದು ಚೀಟಿ ಬರೆದುಕೊಟ್ಟಿದ್ದರು. ಹಾರಬಾರದು, ಮೆಟ್ಟಿಲು ಹತ್ತಬಾರದು, ಹೊರಗೆ ಹೋಗುವುದು ಹಗ್ಗ ಹಿಡಿದು ಐದೇ ನಿಮಿಷ. ಹೊಲಿಗೆ ಕೆಂಪಾಗಿದೆಯೇ, ಊದಿದೆಯೇ, ನೀರು ಒಸರುತ್ತಿದೆಯೇ ಎಂದು ದಿನಕ್ಕೆರಡು ಸಲ ನೋಡಬೇಕು. ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೆತ್ತಗಿನ ಅನ್ನ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದು ಸಲ. ಅಕ್ಕ ಚೀಟಿಯನ್ನು ಕಿಟಕಿಗೆ ಅಂಟಿಸಿ, ಒಂದಕ್ಷರ ಬಿಡದೆ ಪಾಲಿಸಿದಳು. ಕೋಳಿಯನ್ನು ದಾರದಷ್ಟು ಸಣ್ಣ ಎಳೆಯಾಗಿ ಬಿಡಿಸಿದಳು. ಕಾಲರು ಬಾಗಿಲಿಗೆ ತಗುಲದಿರಲೆಂದು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದಳು. ಎಲ್ಲ ಮಾಡಿ, ಬಟ್ಟಲನ್ನು ತಮ್ಮನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತಳು.

“ನೀನೇ ತಿನ್ನಿಸು.”

“ನೀನೇ ಕೊಡೇ. ಏಳು ವರ್ಷದಿಂದ ಕೊಡ್ತಿರೋಳು ನೀನು.”

“ಬೇಡಪ್ಪ. ಕೊಟ್ಟ ಕೈಯೇ ಹೊಟ್ಟೆ ಕೊಯ್ಯೋ ಹಾಗೆ ಮಾಡ್ತು. ಇನ್ನು ನನ್ನ ಕೈಯಿಂದ ಅದರ ಬಾಯಿಗೆ ಏನೂ ಹೋಗೋದು ಬೇಡ.”

ಬಾಬಿನ್ ಮಾತ್ರ ಅವನ ತುತ್ತನ್ನು ಮೂಸಲೂ ಇಲ್ಲ. ಕಾಲರನ್ನು ಕಷ್ಟಪಟ್ಟು ತಿರುಗಿಸಿ ಅಕ್ಕನನ್ನು ನೋಡಿತು. ಅಕ್ಕ ಮುಖ ತಿರುಗಿಸಿಕೊಂಡಳು. ಮೊದಲ ದಿನ ನಾಲ್ಕು ಗುಟುಕು ನೀರು, ಅಷ್ಟೆ. ಎರಡನೆಯ ದಿನ ಬೆಳಿಗ್ಗೆಯೂ ಅಷ್ಟೆ. ದರ್ಜಿ ಬೇಡಿದ, ಗದರಿದ, ತಾನೇ ಒಂದು ಎಳೆ ತಿಂದು “ಆಹಾ!” ಎಂದ. ಕೊನೆಗೆ ಅಕ್ಕ ಸ್ನಾನಕ್ಕೆ ಹೋದಾಗ ಅವಳ ಏಪ್ರನ್ ಕಟ್ಟಿಕೊಂಡು, ಅವಳ ಚಪ್ಪಲಿಯಲ್ಲಿ ಅರ್ಧ ಪಾದ ತೂರಿಸಿ, ಕೀರಲು ದನಿಯಲ್ಲಿ “ಬಾರೋ ನನ್ನ ರಾಜಾ” ಎಂದು ಕರೆದ. ನಾಯಿ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಕಣ್ಣು ಮುಚ್ಚಿಕೊಂಡಿತು. ಅಳತೆ ತಪ್ಪಿದ ಕೋಟನ್ನು ಗಿರಾಕಿ ನೋಡುವ ಹಾಗೆ.

ಮಧ್ಯಾಹ್ನ ಡಾಕ್ಟರಮ್ಮನಿಗೆ ಫೋನು ಮಾಡಿದ. “ಇನ್ನೂ ಏನೂ ತಿಂದಿಲ್ವಾ?” ಅವರ ದನಿ ಗಟ್ಟಿಯಾಯಿತು. “ಸಂಜೆಯೊಳಗೆ ಏನಾದ್ರೂ ಹೊಟ್ಟೆಗೆ ಹೋಗಲೇಬೇಕು. ಇಲ್ದಿದ್ರೆ ಕರಕೊಂಡು ಬನ್ನಿ, ಡ್ರಿಪ್ ಹಾಕಿ ಒಳಗೆ ಏನಾಗಿದೆ ಅಂತ ನೋಡ್ತೀನಿ. ಮತ್ತೆ ತೆರೆಯೋ ಪರಿಸ್ಥಿತಿ ಬಂದ್ರೆ ಅದು ತಡಕೊಳ್ಳೋದು ಕಷ್ಟ. ಅದಕ್ಕೆ ಯಾರ ಕೈಯಿಂದ ತಿಂದು ಅಭ್ಯಾಸ? ಅವರಿಗೆ ಕೊಡೋಕೆ ಹೇಳಿ.”

ಫೋನು ಇಟ್ಟ. ಅಕ್ಕ ಒಳಕೋಣೆಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಹಾಕಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳು ಒಂದು ಕಾಜಾ ಬಿಚ್ಚಿದ್ದನ್ನು ಅವನು ನೋಡಿರಲಿಲ್ಲ. ಬೀದಿಯಿಂದ ಯಾರೋ “ದಿಂಡಕ್ಕಾ, ಹೇಗಿದೆ ನಿಮ್ಮ ನಾಯಿ?” ಎಂದು ಕೂಗಿ ಹೋದರು. ಅಕ್ಕ ತಲೆ ಎತ್ತಲಿಲ್ಲ. “ಚೆನ್ನಾಗಿದೆಯಪ್ಪಾ” ಎಂದು ಬಟ್ಟೆಗೆ ಹೇಳಿದಳು.

ದರ್ಜಿ ಬಾಯಿಯ ಸೂಜಿಗಳನ್ನು ತೆಗೆದು ಸೂಜಿದಿಂಬಿಗೆ ಚುಚ್ಚಿದ. ಡ್ರಾಯರಿನಿಂದ ಡಬ್ಬಿ ತಂದು ಅವಳ ಮಡಿಲಿನಲ್ಲಿಟ್ಟ. “ಹೊಟ್ಟೆಯಲ್ಲಿ ಇದ್ದಿದ್ದು ಇದು” ಎಂದಷ್ಟೇ ಅಂದ.

ಅಕ್ಕ ಮುಚ್ಚಳ ತೆಗೆದು ಬೆಳಕಿಗೆ ಹಿಡಿದಳು. ನೀಲಿ ದಾರದ ಮೇಲೆ ಉಗುರು ಆಡಿಸಿದಳು.

“ಇದು ನಿನ್ನ ಹೊಲಿಗೆ.”

“ಹೂಂ.”

“ಯಾವಾಗ ಗೊತ್ತಾಯ್ತು?”

“ಆಪರೇಷನ್ ದಿನವೇ.”

ಬೈಯುತ್ತಾಳೆ ಎಂದುಕೊಂಡ. ಬೈದರೆ ಸಾಕು ಎಂದುಕೊಂಡ. ಚಿಕ್ಕಂದಿನಲ್ಲಿ ಅವಳ ಬೈಗುಳ ಮುಗಿದ ಕೂಡಲೇ ತಪ್ಪೂ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ಎದ್ದುಹೋಗಿ ಕೈ ತೊಳೆದಳು, ಸೋಪು ಹಾಕಿ ಎರಡು ಸಲ. ಬಟ್ಟಲು ತಂದು ಮೇಜಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಳು. ಮೂರು ಬೆರಳಲ್ಲಿ ಚಿಟಿಕೆಯಷ್ಟು ಅನ್ನ, ಒಂದೆಳೆ ಕೋಳಿ ತೆಗೆದು ಆ ಪ್ಲಾಸ್ಟಿಕ್ ಆಲಿಕೆಯೊಳಗೆ ಕೈ ಚಾಚಿದಳು. ಬಾಬಿನ್ ಬೆರಳನ್ನು ಮೊದಲು ನೆಕ್ಕಿತು. ಆಮೇಲೆ ತುತ್ತು ತಿಂದಿತು. ಇನ್ನೊಂದು. ಮತ್ತೊಂದು. ಬಾಲ ನೆಲಕ್ಕೆ ಎರಡೇ ಎರಡು ಸಲ ಬಡಿಯಿತು.

ದರ್ಜಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಖುಷಿಯಾಗಬೇಕಿತ್ತು. ನಾಯಿ ತಿನ್ನುವ ಚಪ್ ಚಪ್ ಸದ್ದು ಕೇಳಿದಷ್ಟೂ, ತನ್ನ ಸುಳ್ಳಿಗೆ ಅದು ಎರಡು ದಿನ ಉಪವಾಸ ಬಿದ್ದಿತ್ತಲ್ಲ ಎಂದು ಕಿವಿಯವರೆಗೂ ಮುಖ ಬಿಸಿಯಾಗುತ್ತಿತ್ತು.

“ಬೇಕರಿಯವರಿಗೆ ಯಾವಾಗ ಹೇಳ್ತೀಯ?” ಅಕ್ಕ ನಾಯಿಯನ್ನೇ ನೋಡುತ್ತ ಕೇಳಿದಳು.

“ನಾಳೆ ಹೇಳ್ತೀನಿ.”

“ಅಂಗಡಿ ಈಗ ತೆಗೆದಿದೆಯಲ್ಲ.”

ಹೋದ. ಬೇಕರಿಯವರು ಬ್ರೆಡ್ಡು ಕೊಯ್ಯುತ್ತಿದ್ದರು, ನಾಲ್ಕು ಜನ ನಿಂತಿದ್ದರು. “ದಿಂಡಲ್ಲ ಸ್ವಾಮಿ” ಎಂದ ದರ್ಜಿ. “ನನ್ನ ಕೋಟಿನ ಪ್ಯಾಡು. ಆಟ ಆಡಿಸ್ತಿದ್ದವನು ನಾನು. ಗೊತ್ತಾದ ಮೇಲೂ ತಪ್ಪನ್ನ ಅಕ್ಕನ ತಲೆ ಮೇಲೇ ಬಿಟ್ಟೆ.”

ಬೇಕರಿಯವರು ಚಾಕು ಕೆಳಗಿಟ್ಟರು. ಕಣ್ಣು ಒದ್ದೆಯಾಗಿತ್ತು. “ನೋಡಿದಿರೇನ್ರಯ್ಯಾ! ಅಕ್ಕನ ಹೆಸರು ಕೆಡಬಾರದು ಅಂತ ತಪ್ಪೆಲ್ಲ ತನ್ನ ಮೇಲೆ ಎಳಕೊಳ್ತಿದಾನೆ. ತಮ್ಮ ಅಂದ್ರೆ ಹೀಗಿರಬೇಕು!” ಒಬ್ಬರು ಬೆನ್ನು ತಟ್ಟಿದರು.

“ಅಲ್ಲ, ನಿಜವಾಗ್ಲೂ ನಾನೇ…”

“ಸಾಕು ಬಿಡು ಮಾರಾಯ, ನಿನ್ನ ಕಥೆಗಳು ನಮಗೆ ಗೊತ್ತಿಲ್ವಾ!” ಬೇಡ ಬೇಡವೆಂದರೂ ಅವನ ಕೈಗೆ ಬಿಸಿ ಬನ್ನಿನ ಪೊಟ್ಟಣ ತುರುಕಿದರು.

ನಿಜವಲ್ಲದ್ದನ್ನು ಹೇಳಿ ನಗಿಸಿದಾಗ ಎಲ್ಲರೂ ನಂಬಿದ್ದರು. ನಿಜ ಹೇಳಿದ್ದಕ್ಕೆ ಬನ್ನು ಸಿಕ್ಕಿತು. ಆ ಪೊಟ್ಟಣ ಹಿಡಿದುಕೊಂಡು ಮನೆಗೆ ನಡೆದಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಅಕ್ಕ ಪೊಟ್ಟಣ ನೋಡಿದಳು, ಅವನ ಮುಖ ನೋಡಿದಳು. ಡಬ್ಬಿಯನ್ನು ಅವನ ಕಡೆ ಸರಿಸಿದಳು.

ಹನ್ನೆರಡನೆಯ ದಿನ ಬಾಬಿನ್‌ನ ಹೊಲಿಗೆ ಬಿಚ್ಚಿದರು. ಕಾಲರು ಕಳಚಿದ್ದೇ ತಡ ಅದು ನಿಂತಲ್ಲೇ ಒಂದು ಸುತ್ತು ಸುತ್ತಿ, ಸುಸ್ತಾಗಿ ಕೂತಿತು. ಡಬ್ಬಿ ಈಗ ಅಂಗಡಿಯ ಮುಂಗಟ್ಟೆಯ ಮೇಲೆ, ಅಳತೆಯ ಪುಸ್ತಕದ ಪಕ್ಕದಲ್ಲಿದೆ. ಬೇಕರಿಯವರು ಅದನ್ನು ಕಣ್ಣಾರೆ ನೋಡಿ ಎರಡು ವಾರ ಅವನೊಡನೆ ಮಾತು ಬಿಟ್ಟರು. ಆ ಮೌನ ಅವನಿಗೆ ಬನ್ನಿಗಿಂತ ಸುಲಭವಾಗಿ ಜೀರ್ಣವಾಯಿತು. ಆದರೆ ಅಡ್ಡಹೆಸರೆಂದರೆ ಗಟ್ಟಿ ಹೊಲಿಗೆ, ಹಾಕಿದವನು ಎಳೆದರೂ ಬಿಚ್ಚುವುದಿಲ್ಲ.

ನಿನ್ನೆಯೂ ಅಷ್ಟೆ. ಅಳತೆಗೆ ಕೈ ಅಗಲಿಸಿ ನಿಂತ ಗಿರಾಕಿಯೊಬ್ಬರು ಒಳಕೋಣೆಯ ಕಡೆ ಕತ್ತು ಉದ್ದ ಮಾಡಿ, “ದಿಂಡಕ್ಕ ಆರಾಮಾ?” ಎಂದು ನಗುತ್ತ ಕೇಳಿದರು. ಒಳಗಿನಿಂದ “ಆರಾಮು” ಎಂಬ ದನಿ ಬಂತು.

ದರ್ಜಿ ಬಾಯಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದ. ಟೇಪನ್ನು ಹೆಗಲಿಗೆ ಹಾಕಿಕೊಂಡ. ಡಬ್ಬಿಯನ್ನು ಅವರ ಮುಂದಕ್ಕೆ ತಳ್ಳಿದ.

“ಕೈ ಇಳಿಸಿ ಸ್ವಾಮಿ. ಅಳತೆ ಆಮೇಲೆ. ಮೊದಲು ಇದರ ಮುಚ್ಚಳ ತೆಗೀರಿ.”