ಗಾಜಿನ ಆಚೆಯ ಬೆಲ್ಲ

"ತೊಂಬತ್ತೆಂಟ ಐತ್ರಿ ಸರ್," ಎಂದು ನಿಷತಳ ದನಿ ಗೋಡೆಯ ಸ್ಪೀಕರಿನಲ್ಲಿ ಬಂದದ್ದೇ ತಡ, ರುಕ್ಮವ್ವ ದುಂಡು ಗಾಜಿಗೆ ಮೂಗು ಹಚ್ಚಿ ನಿಂತಳು.

ಗಾಜಿನ ಆಚೆ, ಕಬ್ಬಿಣದ ಕೋಣೆಯಲ್ಲಿ, ಗಂಡ ಶಂಕರೆಪ್ಪ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಕುಳಿತಿದ್ದ. ಸಕ್ಕರೆ ಕಾಯಿಲೆಗೆ ಬಲಗಾಲಿನ ಹೆಬ್ಬೆರಳು ಆಗಲೇ ಹೋಗಿತ್ತು. ಪಾದವಾದರೂ ಉಳಿಯಲೆಂದು ತಮ್ಮೂರು ಆಲಮೇಲ ಬಿಟ್ಟು ವಿಜಯಪುರದ ಈ ದವಾಖಾನೆಗೆ ಬಂದು ಬಿದ್ದಿದ್ದರು. ಗಾಯ ಮಾಯಲೆಂದು ಒತ್ತಡದ ಗಾಳಿಯಲ್ಲಿ ದಿನಾ ಕೂರಿಸುತ್ತಿದ್ದರು. ನರ್ಸ್ ನಿಷತಳೂ ಜೊತೆಗೆ ಒಳಗೇ. ನಡುವೆ ಬೆರಳು ಚುಚ್ಚಿ ಸಣ್ಣ ಮಷಿನ್ನಿನಲ್ಲಿ ನೋಡಿದಾಗ ಸಕ್ಕರೆ ನೂರರ ಕೆಳಗಿಳಿದರೆ ಅಂದಿನ ಚಿಕಿತ್ಸೆ ಬಂದ್. ಎರಡು ಸಲ ಹಾಗೇ ಆಗಿತ್ತು.

ಆಮೇಲೆ ರುಕ್ಮವ್ವ ತಾನೇ ಉಪಾಯ ಹುಡುಕಿದಳು. ಕಬ್ಬಿನ ಗಾಣದ ಮನೆಯವಳು, ಸೆರಗಿನ ಗಂಟಿನಲ್ಲಿ ಬೆಲ್ಲಕ್ಕೆ ಬರವೇ? ಬಾಗಿಲು ಹಾಕುವ ಮೊದಲು ಗಂಡನ ಬಾಯಿಗೆ ಒಂದು ಹೆಂಟೆ. ಅವನೇನು ಬೇಡ ಅನ್ನುವ ಪೈಕಿಯೇ!

ಇವತ್ತು ದೊಡ್ಡದೇ ಕೊಟ್ಟಿದ್ದಳು. ಆದರೂ ತೊಂಬತ್ತೆಂಟೇ?

"ಕಾಕಾ, ಬೆವರು ಬಂದೈತೇನು? ಕೈ ನಡುಗಾಕತ್ತಾವೇನು?" ನಿಷತ ಕೇಳಿದಳು.

ಅವನು ಮಾಸ್ಕ್ ಎತ್ತಿದ. "ಏನಿಲ್ಲವ್ವಾ. ಹಸಿವಾಗೇತಿ. ಅದು ಹುಟ್ಟಿದಾಗಿಂದ ಐತಿ."

ಹೊರಗೆ ನಿಂತಿದ್ದ ಡಾಕ್ಟರ್ ಜುಲ್ಫಿಕರ ಹುಬ್ಬು ಗಂಟಿಕ್ಕಿದರು. "ಒಳಗ ಹೋಗೂಮುಂದ ನೂರಾ ನಲವತ್ತಿತ್ತು. ಒಂದೀಟು ರಕ್ತ ತಗದು ಹೊರಗ ಕೊಡ್ರಿ. ಲ್ಯಾಬಿನ್ಯಾಗ ನೋಡೂನು."

ಸಣ್ಣ ಕಿಂಡಿಯಿಂದ ರಕ್ತದ ನಳಿಕೆ ಹೊರಗೆ ಬಂತು, ಲ್ಯಾಬಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ನೂರಾ ತೊಂಬತ್ತು.

"ಇಳಿದಿಲ್ಲ, ಏರೈತಿ," ಅಂದರು ಡಾಕ್ಟರು. "ರಕ್ತದಾಗ ಆಕ್ಸಿಜನ್ ಹೆಚ್ಚಾದ್ರ ಈ ನಮೂನಿ ಸಣ್ಣ ಮಷಿನ್ನು ಸಕ್ರಿ ಕಡಿಮಿ ತೋರಸ್ತಾವ. ಮೊದಲಽ ನೋಡಬೇಕಿತ್ತು ನಾವು. ನಡೀಲಿ ನಿಷತ, ನಿಲ್ಲಸಬ್ಯಾಡ್ರಿ." ಆಮೇಲೆ ರುಕ್ಮವ್ವನ ಕಡೆ ತಿರುಗಿದರು. "ಆದ್ರ ಏರಿದ್ದು ಹೆಂಗ? ಹಿಂಗಾದ್ರ ಗಾಯ ಮಾಯಂಗಿಲ್ಲವ್ವಾ, ಪಾದ ಉಳಿಯಂಗಿಲ್ಲ. ಏನ್ ತಿಂದಾರ?"

ರುಕ್ಮವ್ವನ ಕೈ ಸೆರಗಿಗೆ ಹೋಯಿತು.

"ಏನೂ ತಿಂದಿಲ್ರಿ ಸಾಹೇಬ್ರ!" ಸ್ಪೀಕರಿನಲ್ಲಿ ಶಂಕರೆಪ್ಪ ಒದರಿದ.

"ಸುಳ್ಳ ಹೇಳಾಕತ್ತಾರ್ರಿ," ಅಂದಳು ರುಕ್ಮವ್ವ. "ಬೆಲ್ಲ. ದಿನಾ ನಾನಽ ಕೊಟ್ಟೇನಿ."

ಶಂಕರೆಪ್ಪ ಮಾಸ್ಕನ್ನು ಮತ್ತೆ ಸರಿಯಾಗಿ ಹಾಕಿಕೊಂಡ.

ರುಕ್ಮವ್ವ ಗಂಟು ಬಿಚ್ಚಿ, ಉಳಿದ ಹೆಂಟೆಯನ್ನು ಗಾಜಿನ ಮುಂದೆ ಹಿಡಿದು ತೋರಿಸಿದಳು. ಅವನು ನೋಡುತ್ತಿದ್ದಂತೆಯೇ ತನ್ನ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿಯತೊಡಗಿದಳು. ಆಚೆ, ಮಾಸ್ಕಿನ ಒಳಗೆ, ಅವನ ದವಡೆಯೂ ಆಡತೊಡಗಿತು.